ಒಂದೇ ಕ್ರಿಯೆಗೆ ಮೂರು ಹೆಸರು: ರಾಸಾಯನಿಕ ಕ್ರಿಯೆಯ ವಿಧ ಗುರುತಿಸುವುದು ಹೇಗೆ?

ಮಳೆಗಾಲ ಹಿಡಿದು, ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠ ಮುಗಿಯುವ ಹೊತ್ತಿಗೆ ಓದುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನು ಒಂದು ಕಡೆ ಸಂಯೋಗ ಎಂದು ಬರೆಸಿದ್ದಾರೆ, ಇನ್ನೊಂದು ಕಡೆ ಉತ್ಕರ್ಷಣ ಎಂದಿದೆ, ಟ್ಯೂಷನ್ ನೋಟ್ಸಿನಲ್ಲಿ ಬಹಿರುಷ್ಣಕ ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

ಮೂರೂ ಸರಿ. ನಮ್ಮ ಊರಿನ ಖಾಸಗಿ ಬಸ್ಸಿಗೆ ರೂಟ್ ನಂಬರ್ ಒಂದಿರುತ್ತದೆ, ಮಾಲಕರು ಇಟ್ಟ ಹೆಸರು ಇನ್ನೊಂದಿರುತ್ತದೆ, ಎಕ್ಸ್‌ಪ್ರೆಸ್ಸೋ ಲೋಕಲ್ಲೋ ಎಂಬುದು ಮೂರನೆಯದು. ಒಂದನ್ನು ಹೇಳಿದರೆ ಉಳಿದೆರಡು ಸುಳ್ಳಾಗುವುದಿಲ್ಲ. ರಾಸಾಯನಿಕ ಕ್ರಿಯೆಯ ಹೆಸರುಗಳೂ ಹಾಗೆಯೇ, ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ವಸ್ತುಗಳ ಜೋಡಣೆ ಹೇಗೆ ಬದಲಾಯಿತು ಎಂಬುದು ಮೊದಲನೆಯದು. ಇಲೆಕ್ಟ್ರಾನ್ ಕೈ ಬದಲಾಯಿತೇ ಎಂಬುದು ಎರಡನೆಯದು. ಶಾಖ ಹೊರಗೆ ಬಂತೋ ಒಳಗೆ ಹೋಯಿತೋ ಎಂಬುದು ಮೂರನೆಯದು. ಗೊಂದಲವೆಲ್ಲ ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ತುರುಕಿ ಬಾಯಿಪಾಠ ಮಾಡುವುದರಿಂದ ಬರುತ್ತದೆ.

ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಅನುಸರಿಸಿ. ಸಮೀಕರಣಗಳನ್ನು ಇಲ್ಲಿ ಹೆಸರಿನಲ್ಲೇ ಕೊಟ್ಟಿದ್ದೇವೆ. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದನ್ನೂ ಸಂಕೇತಗಳಲ್ಲಿ ನೀವೇ ಬರೆದುಕೊಳ್ಳಬೇಕು, ಅರ್ಧ ಕಲಿಕೆ ಅಲ್ಲೇ ಇದೆ.

ಮೊದಲು ಬೇಕಾದದ್ದು

ಬರೀ ಓದಿದರೆ ಈ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಮಾಡಿ ನೋಡಬಹುದಾದ ನಾಲ್ಕಾರು ಪ್ರಯೋಗಗಳಿಗೆ ಸಾಮಾನು ಇಷ್ಟು: ಅಡುಗೆ ಸೋಡಾ, ವಾಷಿಂಗ್ ಸೋಡಾ, ಎಲೆಯಡಿಕೆಗೆ ಹಚ್ಚುವ ಸುಣ್ಣ, ಅರಸಿನ, ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್, ಗೊಬ್ಬರದ ಅಂಗಡಿಯಲ್ಲಿ ಸಿಗುವ ಎಪ್ಸಂ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಮತ್ತು ಮೈಲುತುತ್ತು (ತಾಮ್ರದ ಸಲ್ಫೇಟ್), ನಾಲ್ಕು ಸಾದಾ ಕಬ್ಬಿಣದ ಮೊಳೆ, ಸ್ಯಾಂಡ್‌ಪೇಪರ್, ಒಂದು ಊದುಬತ್ತಿ, ಗಾಜಿನ ಲೋಟಗಳು. 0.1 ಗ್ರಾಂ ತೋರಿಸುವ ಅಡುಗೆ ತಕ್ಕಡಿ ಇದ್ದರೆ ಬಹಳ ಒಳ್ಳೆಯದು.

ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇವೆ. ಮೈಲುತುತ್ತು ವಿಷ. ಅದಕ್ಕೆ ಬಳಸಿದ ಲೋಟ ಮತ್ತೆ ಅಡುಗೆಮನೆಗೆ ಹೋಗಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕಿಕೊಳ್ಳಿ. ಬಿದ್ದರೆ ಉಜ್ಜದೆ ಧಾರಾಳ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ವೈದ್ಯರಲ್ಲಿಗೆ ಹೋಗಿ. ಮೆಗ್ನೀಸಿಯಂ ಉರಿಸುವುದು, ಲೆಡ್ ನೈಟ್ರೇಟ್ ಕಾಯಿಸುವುದು ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರು ಮಾತ್ರ. ಲೆಡ್ ನೈಟ್ರೇಟಿನಿಂದ ಬರುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ಅದು ಶ್ವಾಸಕೋಶವನ್ನು ಸುಡುತ್ತದೆ.

ಹಂತ 1: ಕ್ರಿಯೆ ನಡೆದದ್ದು ಹೌದೇ?

ಬಣ್ಣ ಬದಲಾಗುವುದು, ಗುಳ್ಳೆ ಏಳುವುದು, ತಳದಲ್ಲಿ ಪುಡಿ ಕೂರುವುದು, ಬಿಸಿ ಅಥವಾ ತಂಪಾಗುವುದು ಇವೆಲ್ಲ ಸುಳಿವುಗಳು, ಸಾಕ್ಷಿಯಲ್ಲ. ಹೊಸ ವಸ್ತು ಹುಟ್ಟಿದೆಯೇ ಎಂಬುದೊಂದೇ ಸಾಕ್ಷಿ.

ಹೆಚ್ಚಿನವರು ಜಾರುವುದು ಎರಡು ಕಡೆ. ಯೂರಿಯಾವನ್ನು ನೀರಿಗೆ ಹಾಕಿದರೆ ಬಕೆಟ್ ತಣ್ಣಗಾಗುತ್ತದೆ, ತೋಟದ ಕೆಲಸ ಮಾಡಿದವರಿಗೆ ಗೊತ್ತು. ಇದನ್ನು ಅಂತರುಷ್ಣಕ (ಶಾಖ ಹೀರುವ) ಕ್ರಿಯೆಯ ಉದಾಹರಣೆಯಾಗಿ ಬರೆಯುತ್ತಾರೆ. ಅಲ್ಲಿ ನಡೆದದ್ದು ಕರಗುವಿಕೆ ಮಾತ್ರ. ನೀರು ಆರಿದರೆ ಅದೇ ಯೂರಿಯಾ ಮರಳಿ ಸಿಗುತ್ತದೆ. ಎರಡನೆಯದು ಕರ್ಪೂರ. ಡಬ್ಬಿಯಲ್ಲಿಟ್ಟ ಕರ್ಪೂರ ತಾನಾಗಿ ಸಣ್ಣದಾಗುವುದು ಭೌತ ಬದಲಾವಣೆ, ಆರತಿ ತಟ್ಟೆಯಲ್ಲಿ ಉರಿಯುವುದು ರಾಸಾಯನಿಕ ಬದಲಾವಣೆ. ವಸ್ತು ಒಂದೇ, ನಡೆದದ್ದು ಬೇರೆ.

ಹಂತ 2: ಎರಡೂ ಕಡೆ ಬರೆದು ಸರಿದೂಗಿಸಿ

ಬಾಣದ ಎಡಕ್ಕೆ ಪ್ರತಿವರ್ತಕಗಳು, ಅಂದರೆ ಕ್ರಿಯೆಗೆ ಇಳಿದ ವಸ್ತುಗಳು. ಬಲಕ್ಕೆ ಉತ್ಪನ್ನಗಳು, ಅಂದರೆ ಹುಟ್ಟಿದ ವಸ್ತುಗಳು. ವಿಧ ಗುರುತಿಸಲು ಇವೆರಡರ ಪೂರ್ತಿ ಪಟ್ಟಿ ಬೇಕು. ಹೊರಹೋದ ಅನಿಲವನ್ನು ಬರೆಯಲು ಮರೆತರೆ ಮುಂದಿನ ಲೆಕ್ಕವೆಲ್ಲ ಅಡಿಮೇಲಾಗುತ್ತದೆ.

ಅಡುಗೆ ಗ್ಯಾಸಿನಲ್ಲಿ ಪ್ರೊಪೇನ್, ಬ್ಯುಟೇನ್ ಎರಡೂ ಇರುತ್ತವೆ. ಪ್ರೊಪೇನನ್ನು ತೆಗೆದುಕೊಳ್ಳೋಣ. ಅದರ ಒಂದು ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್ ಪರಮಾಣುಗಳಿವೆ. ಉರಿದಾಗ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಬರುತ್ತವೆ. ಮೊದಲು ಕಾರ್ಬನ್: 3 ಇದ್ದದ್ದರಿಂದ 3 ಕಾರ್ಬನ್ ಡೈಆಕ್ಸೈಡ್. ಆಮೇಲೆ ಹೈಡ್ರೋಜನ್: 8 ಇದ್ದು, ಒಂದು ನೀರಿಗೆ 2 ಬೇಕಾದ್ದರಿಂದ 4 ನೀರು. ಕೊನೆಗೆ ಆಕ್ಸಿಜನ್: ಬಲಗಡೆ 6 ಮತ್ತು 4 ಸೇರಿ 10 ಪರಮಾಣು. ಆಕ್ಸಿಜನ್ ಗಾಳಿಯಲ್ಲಿ ಜೋಡಿಯಾಗಿರುವುದರಿಂದ 5 ಅಣು ಸಾಕು.

ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು

ಆಕ್ಸಿಜನನ್ನು ಕೊನೆಗೆ ಇಟ್ಟುಕೊಳ್ಳುವುದರಲ್ಲಿ ಉಪಾಯವಿದೆ. ಅದು ಎಡಗಡೆ ಒಂಟಿಯಾಗಿರುವುದರಿಂದ ಅದರ ಸಂಖ್ಯೆ ಬದಲಿಸಿದರೆ ಬೇರೆ ಯಾವುದರ ಲೆಕ್ಕವೂ ಕೆಡುವುದಿಲ್ಲ. ಮೊದಲೇ ಅದಕ್ಕೆ ಕೈಹಾಕಿದವರು ಮೂರು ಸಲ ಅಳಿಸಿ ಬರೆಯುತ್ತಾರೆ.

ಈ ಹಂತದ ದೊಡ್ಡ ತಪ್ಪು, ಲೆಕ್ಕ ಕೂಡಿಸಲು ಸೂತ್ರದ ಒಳಗಿನ ಪುಟ್ಟ ಅಂಕಿಯನ್ನು ಬದಲಿಸುವುದು. ನೀರಿನ ಸೂತ್ರದಲ್ಲಿ ಒಂದು ಆಕ್ಸಿಜನ್ ಕಡಿಮೆಯಾಯಿತೆಂದು ಅಲ್ಲಿ 2 ಬರೆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಸೂತ್ರದ ಮುಂದಿನ ಸಂಖ್ಯೆಯನ್ನು ಮಾತ್ರ ಬದಲಿಸಬಹುದು.

ಹಂತ 3: ಜೋಡಣೆ ನೋಡಿ

ಇಲ್ಲಿ ನಾಲ್ಕು ಮನೆಗಳಿವೆ. ಎರಡು ಅಥವಾ ಹೆಚ್ಚು ವಸ್ತು ಸೇರಿ ಒಂದಾದರೆ ಸಂಯೋಗ. ಒಂದು ವಸ್ತು ಒಡೆದು ಹಲವಾದರೆ ವಿಭಜನೆ. ಒಂದು ಧಾತು ಸಂಯುಕ್ತದೊಳಗಿನ ಇನ್ನೊಂದನ್ನು ಹೊರತಳ್ಳಿ ಅದರ ಜಾಗದಲ್ಲಿ ಕುಳಿತರೆ ಸ್ಥಾನಪಲ್ಲಟ. ಎರಡು ಸಂಯುಕ್ತಗಳು ತಮ್ಮ ಜೋಡಿಗಳನ್ನು ಅದಲುಬದಲು ಮಾಡಿಕೊಂಡರೆ ದ್ವಿಸ್ಥಾನಪಲ್ಲಟ. ಧಾತು ಎಂದರೆ ಕಬ್ಬಿಣ, ಆಕ್ಸಿಜನ್‌ನಂತೆ ಒಂದೇ ಬಗೆಯ ಪರಮಾಣುಗಳಿರುವ ವಸ್ತು. ಸಂಯುಕ್ತ ಎಂದರೆ ಬೇರೆ ಬೇರೆ ಧಾತುಗಳು ನಿಗದಿತ ಲೆಕ್ಕದಲ್ಲಿ ಸೇರಿದ್ದು.

*ಸಂಯೋಗ ಮತ್ತು ವಿಭಜನೆ.* ಇವೆರಡನ್ನೂ ಒಟ್ಟಿಗೆ ಕಲಿಯಲು ನಮ್ಮ ಕರಾವಳಿಯ ಚಿಪ್ಪಿನ ಸುಣ್ಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮರುವಾಯಿ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಹಾಕಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಒಂದು ಎರಡಾಯಿತು, ವಿಭಜನೆ. 100 ಕಿಲೋ ಶುದ್ಧ ಕಾರ್ಬೊನೇಟಿನಿಂದ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ, 44 ಕಿಲೋ ಅನಿಲವಾಗಿ ಹೋಗುತ್ತದೆ. ಸುಟ್ಟ ಚಿಪ್ಪು ಕೈಗೆ ಹಗುರವೆನಿಸುವುದು ಅದಕ್ಕೇ. ಇನ್ನು ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ:

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಎರಡು ಒಂದಾಯಿತು, ಸಂಯೋಗ. ಸುಣ್ಣ ಅರಳುವುದು ಎಂದರೆ ಇದೇ. ಲೆಕ್ಕದ ಪ್ರಕಾರ 1 ಕಿಲೋ ಸುಟ್ಟ ಸುಣ್ಣ ಸುಮಾರು 320 ಗ್ರಾಂ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆಗ ಹೊರಬರುವ ಶಾಖ ಸುಮಾರು 1,100 ಕಿಲೋಜೂಲ್, 30 ಡಿಗ್ರಿಯಲ್ಲಿರುವ ಮೂರೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಆದ್ದರಿಂದ ಸುಟ್ಟ ಸುಣ್ಣದ ರಾಶಿಗೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದು ತಪ್ಪು ವಿಧಾನ. ಅಷ್ಟೂ ಶಾಖ ಆ ಸ್ವಲ್ಪ ನೀರಿಗೇ ಸಿಕ್ಕಿ, ಅದು ಕುದಿದು ಮೈಗೆ ಸಿಡಿಯುತ್ತದೆ. ಮನೆಯ ಪ್ರಯೋಗಕ್ಕೆ ಸುಟ್ಟ ಸುಣ್ಣ ಬೇಡವೇ ಬೇಡ, ಎಲೆಯಡಿಕೆಯ ಅರಳಿದ ಸುಣ್ಣ ಸಾಕು.

ವಿಭಜನೆಯನ್ನು ತಕ್ಕಡಿಯಲ್ಲಿ ನೋಡಬೇಕೇ? 10 ಗ್ರಾಂ ಅಡುಗೆ ಸೋಡಾವನ್ನು (ಸೋಡಿಯಂ ಬೈಕಾರ್ಬೊನೇಟ್) ಒಣಗಿದ ಸ್ಟೀಲ್ ಪಾತ್ರೆಯಲ್ಲಿ ತೆಳುವಾಗಿ ಹರಡಿ, ನಡುಉರಿಯಲ್ಲಿ ಕೈಯಾಡಿಸುತ್ತ 15–20 ನಿಮಿಷ ಹುರಿಯಿರಿ. ಪುಡಿ ನೀರಿನಂತೆ ತಳಮಳಿಸುತ್ತದೆ. ಅದು ಕರಗುತ್ತಿಲ್ಲ, ಒಳಗಿಂದ ಅನಿಲ ಏಳುತ್ತಿದೆ. ತಣಿದ ಮೇಲೆ ತೂಗಿ.

2 ಸೋಡಿಯಂ ಬೈಕಾರ್ಬೊನೇಟ್ → ಸೋಡಿಯಂ ಕಾರ್ಬೊನೇಟ್ + ನೀರು + ಕಾರ್ಬನ್ ಡೈಆಕ್ಸೈಡ್

ಪೂರ್ತಿ ವಿಭಜನೆಯಾಗಿದ್ದರೆ 6.3 ಗ್ರಾಂ ಉಳಿಯಬೇಕು. 7–8 ಗ್ರಾಂ ತೋರಿಸಿದರೆ ಹುರಿದದ್ದು ಸಾಲದು, ಮತ್ತೆ ಹುರಿದು ತೂಗಿ. ತೂಕ ಇಳಿಯುವುದು ನಿಂತರೆ ಮುಗಿಯಿತು. 6.3ಕ್ಕಿಂತ ಕಡಿಮೆ ಬಂದರೆ ಕೈಯಾಡಿಸುವಾಗ ಹೊರಗೆ ಚೆಲ್ಲಿದೆ. ಅಲ್ಯೂಮಿನಿಯಂ ಪಾತ್ರೆ ಬಳಸಬೇಡಿ. ಉಳಿಯುವ ಸೋಡಿಯಂ ಕಾರ್ಬೊನೇಟ್ ತೇವ ತಾಗಿದರೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಿಕ್ಕಿದ ಪುಡಿಯೇ ವಾಷಿಂಗ್ ಸೋಡಾ, ಎತ್ತಿಡಿ, ಮುಂದೆ ಬೇಕು.

ಮಂಗಳೂರು ಬನ್ಸ್ ಹಿಟ್ಟಿಗೆ ಸೋಡಾ ಜಾಸ್ತಿಯಾದರೆ ಕಹಿ, ಸಾಬೂನಿನ ರುಚಿ ಬರುವುದು ಇದೇ ಕ್ರಿಯೆಯಿಂದ. ಹಿಟ್ಟಿನಲ್ಲಿರುವ ಮೊಸರಿನ ಹುಳಿ ಖರ್ಚಾದ ಮೇಲೆ ಉಳಿದ ಸೋಡಾ ಎಣ್ಣೆಯ ಬಿಸಿಗೆ ವಿಭಜನೆಯಾಗಿ ಕಾರ್ಬೊನೇಟ್ ಉಳಿಸುತ್ತದೆ. ಅನಿಲದ ಲೆಕ್ಕದಲ್ಲೂ ನಷ್ಟ: 1 ಗ್ರಾಂ ಸೋಡಾ ಹುಳಿಯೊಂದಿಗೆ ಸೇರಿದರೆ ಸುಮಾರು 290 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ, ಬರೀ ಬಿಸಿಯಿಂದಾದರೆ ಅದರ ಅರ್ಧ. ಗೋಳಿಬಜೆ ಉಬ್ಬಲಿಲ್ಲವೆಂದು ಸೋಡಾ ಹೆಚ್ಚಿಸುವ ಬದಲು ಮೊಸರಿನ ಹುಳಿ ನೋಡಬೇಕಾದದ್ದು ಇದಕ್ಕೇ.

ಬಿಸಿಯಿಲ್ಲದೆಯೂ ವಿಭಜನೆ ಆಗುತ್ತದೆ. 3% ಹೈಡ್ರೋಜನ್ ಪೆರಾಕ್ಸೈಡ್ 20 ಮಿಲಿಲೀಟರ್ ತೆಗೆದುಕೊಳ್ಳಿ (ಬಾಟಲಿಯ ಮೇಲೆ 6% ಎಂದಿದ್ದರೆ ಸಮಪ್ರಮಾಣದ ನೀರು ಸೇರಿಸಿ). ಎತ್ತರದ ಲೋಟಕ್ಕೆ ಹಾಕಿ, ಹಸಿ ಬಟಾಟೆಯ ಎರಡು ಹೋಳು ಬಿಡಿ. ನೊರೆ ಏಳುತ್ತದೆ. ಬಾಯಿಗೆ ತಟ್ಟೆ ಮುಚ್ಚಿ ಎರಡು ನಿಮಿಷ ಬಿಟ್ಟು, ಆರಿಸಿದ ಊದುಬತ್ತಿಯ ಕೆಂಡವನ್ನು ಒಳಗಿಳಿಸಿದರೆ ಅದು ಪ್ರಕಾಶಿಸುತ್ತದೆ. ಬಂದದ್ದು ಆಕ್ಸಿಜನ್. ಬಟಾಟೆ ಪ್ರತಿವರ್ತಕವಲ್ಲ, ಅದರಲ್ಲಿರುವ ಕಿಣ್ವ ಬರೀ ವೇಗ ಹೆಚ್ಚಿಸುತ್ತದೆ. ಸಮೀಕರಣದ ಎಡಗಡೆ ಬಟಾಟೆ ಬರೆದು ಸಂಯೋಗವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಬೇಯಿಸಿದ ಬಟಾಟೆ ಹಾಕಿದರೆ ಏನೂ ಆಗದು, ಕಿಣ್ವ ಬಿಸಿಗೆ ಕೆಟ್ಟಿರುತ್ತದೆ.

*ಸ್ಥಾನಪಲ್ಲಟ.* ಇಲ್ಲಿ ಲೋಹಗಳ ಬಲಾಬಲ ಗೊತ್ತಿರಬೇಕು. ಹೆಚ್ಚು ಚುರುಕಿನಿಂದ ಕಡಿಮೆಯ ಕಡೆಗೆ ಕ್ರಿಯಾಶೀಲತೆಯ ಸರಣಿ ಹೀಗಿದೆ: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ. ಮೇಲಿನದು ಕೆಳಗಿನದನ್ನು ಅದರ ಲವಣದಿಂದ ಹೊರತಳ್ಳುತ್ತದೆ, ತಿರುಗಾ ಆಗುವುದಿಲ್ಲ. ಹೈಡ್ರೋಜನ್ ಲೋಹವಲ್ಲದಿದ್ದರೂ ಸಾಲಿನಲ್ಲಿ ಇದೆ, ಯಾಕೆಂದರೆ ಅದರ ಮೇಲಿರುವ ಲೋಹಗಳು ಮಾತ್ರ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಆಮ್ಲದಿಂದ ಹೈಡ್ರೋಜನನ್ನು ಹೊರಗೆ ಹಾಕಬಲ್ಲವು.

1 ಗ್ರಾಂ ಮೈಲುತುತ್ತನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಮೊಳೆಗಳನ್ನು ಸ್ಯಾಂಡ್‌ಪೇಪರಿನಿಂದ ಹೊಳೆಯುವಷ್ಟು ಉಜ್ಜಿ, ಅರ್ಧ ದ್ರಾವಣಕ್ಕೆ ಇಳಿಸಿ. ಉಳಿದರ್ಧವನ್ನು ಹೋಲಿಕೆಗೆ ಪಕ್ಕದಲ್ಲಿಡಿ. 20 ನಿಮಿಷದಲ್ಲಿ ಮೊಳೆಯ ಮೇಲೆ ಕೆಂಗಂದು ಪದರ ಕಾಣುತ್ತದೆ, ಅದು ತಾಮ್ರ. ನೀಲಿ ಮಾಸಲು ಕೆಲವು ಗಂಟೆ ಬೇಕು.

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಆಗದಿದ್ದರೆ ಕಾರಣ ಸಾಮಾನ್ಯವಾಗಿ ಮೊಳೆಯದ್ದು. ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಸುಮ್ಮನಿರುತ್ತದೆ. ಜಿ.ಐ. ಮೊಳೆಗೆ ಸತುವಿನ ಲೇಪ ಇರುವುದರಿಂದ ಮೊದಲು ಸತು ಕೆಲಸ ಮಾಡುತ್ತದೆ. ಆಗ ದ್ರಾವಣ ತೆಳುಹಸಿರಾಗದೆ ಬಣ್ಣಗೆಡುತ್ತದೆ. ನೀಲಿ ಮಾಸುವುದೇ ಕಾಣದಿದ್ದರೆ ದ್ರಾವಣ ಗಟ್ಟಿಯಾಗಿದೆ, ಮೊಳೆ ಕಡಿಮೆಯಾಗಿದೆ. ಒಂದು ರಾತ್ರಿ ಇಟ್ಟ ಮೇಲೆ ಕಂದು ಬಣ್ಣದ ಕೆಸರು ಕಂಡರೆ ಗಾಬರಿ ಬೇಡ, ಕಬ್ಬಿಣದ ಸಲ್ಫೇಟ್ ಗಾಳಿಯ ಆಕ್ಸಿಜನ್‌ನೊಂದಿಗೆ ಸೇರಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಅಲ್ಯೂಮಿನಿಯಂ ತುಂಡು ಹಾಕಿದರೆ ಸರಣಿಯಲ್ಲಿ ಮೇಲಿದ್ದರೂ ಏನೂ ಆಗದಂತೆ ತೋರುತ್ತದೆ: ಅದರ ಮೈಮೇಲೆ ಗಟ್ಟಿ ಆಕ್ಸೈಡ್ ಪದರವಿದೆ. ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಪದರ ಒಡೆದು ಕ್ರಿಯೆ ಜೋರಾಗುತ್ತದೆ.

ಉಳಿದ ಮೈಲುತುತ್ತಿನ ನೀರನ್ನು ಬಾವಿಕಟ್ಟೆ, ತೋಡು, ಮೀನಿನ ತೊಟ್ಟಿಯ ಹತ್ತಿರ ಚೆಲ್ಲಬೇಡಿ. ಮೀನಿಗೆ ತಾಮ್ರ ಬಹಳ ಕಡಿಮೆ ಪ್ರಮಾಣದಲ್ಲೂ ಮಾರಕ. ಸುಣ್ಣ ಬೆರೆಸಿ, ತಿಳಿನೀಲಿ ಪುಡಿ ಕೆಳಗೆ ಕೂತ ಮೇಲೆ ಅದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಪ್ರತ್ಯೇಕವಾಗಿಡಿ. ಹೀಗೆ ಮಾಡುವಾಗ ನೀವು ಮುಂದಿನ ವಿಧವನ್ನೇ ಮಾಡುತ್ತಿದ್ದೀರಿ.

*ದ್ವಿಸ್ಥಾನಪಲ್ಲಟ.* ಅಡಿಕೆಗೆ ಮದ್ದು ಬಿಡುವ ಮನೆಯವರಾದರೆ ಇದನ್ನು ಪ್ರತಿ ಮಳೆಗಾಲ ನೋಡುತ್ತೀರಿ. ಕೊಳೆರೋಗಕ್ಕೆ ಸಿಂಪಡಿಸುವ 1% ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತಿನ ದ್ರಾವಣವನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯುತ್ತಾರೆ.

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ತಾಮ್ರ ಸಲ್ಫೇಟಿನ ಕೈಬಿಟ್ಟು ಹೈಡ್ರಾಕ್ಸೈಡಿನ ಕೈ ಹಿಡಿಯಿತು, ಕ್ಯಾಲ್ಸಿಯಂ ಅದರ ತಿರುಗಾ. ಆಕಾಶನೀಲಿ ಬಣ್ಣದ, ನೀರಿನಲ್ಲಿ ಕರಗದ ವಸ್ತು ತೇಲುತ್ತದೆ. ಇಂಥದ್ದಕ್ಕೆ ಪ್ರಕ್ಷೇಪ ಎಂದು ಹೆಸರು. (ನಿಜವಾದ ಬೋರ್ಡೋದಲ್ಲಿ ಸಲ್ಫೇಟ್ ಭಾಗವೂ ಉಳಿದ ತಾಮ್ರದ ಮಿಶ್ರ ಲವಣಗಳಿರುತ್ತವೆ. ಹತ್ತನೇ ತರಗತಿಗೆ ಮೇಲಿನ ಸಮೀಕರಣ ಸಾಕು.) ಸಮೀಕರಣದ ಲೆಕ್ಕಕ್ಕೆ 1 ಕಿಲೋ ತುತ್ತಿಗೆ ಸುಮಾರು 300 ಗ್ರಾಂ ಅರಳಿದ ಸುಣ್ಣ ಸಾಕಾಗುತ್ತದೆ. ಆದರೂ 1 ಕಿಲೋ ಹಾಕುವುದು, ಸುಣ್ಣ ಶುದ್ಧವಾಗಿರುವುದಿಲ್ಲ ಎಂಬುದಕ್ಕೆ ಮತ್ತು ಕರಗಿದ ತಾಮ್ರ ಒಂದಿಷ್ಟೂ ಉಳಿಯಬಾರದು ಎಂಬುದಕ್ಕೆ. ಉಳಿದರೆ ಎಳೆ ಕಾಯಿ, ಸೋಗೆ ಸುಡುತ್ತದೆ.

ಉಳಿದಿದೆಯೇ ಎಂದು ನೋಡಲು ತೋಟದವರು ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ದ್ರಾವಣದಲ್ಲಿ ಅದ್ದುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು. ಆ ಕೆಂಪು ಮೊಳೆಯ ಮೇಲೆ ನೀವು ಕಂಡ ತಾಮ್ರವೇ. ದ್ವಿಸ್ಥಾನಪಲ್ಲಟ ಪೂರ್ತಿಯಾಯಿತೇ ಎಂದು ಪರೀಕ್ಷಿಸುವುದು ಸ್ಥಾನಪಲ್ಲಟದಿಂದ! ಕಬ್ಬಿಣದ ಡ್ರಮ್ಮಿನಲ್ಲಿ ತುತ್ತು ಕರಗಿಸಬಾರದೆನ್ನುವುದೂ ಇದೇ ಕಾರಣಕ್ಕೆ, ಡ್ರಮ್ಮು ತೂತಾಗುತ್ತದೆ, ತಾಮ್ರ ಅದರ ಗೋಡೆಗೆ ಹೋಗುತ್ತದೆ.

ತೋಟ ಇಲ್ಲದವರು ಎಪ್ಸಂ ಉಪ್ಪು ಒಂದು ಚಮಚ 100 ಮಿಲಿಲೀಟರ್ ನೀರಿನಲ್ಲಿ, ವಾಷಿಂಗ್ ಸೋಡಾ ಒಂದು ಚಮಚ ಇನ್ನೊಂದು 100 ಮಿಲಿಲೀಟರ್ ನೀರಿನಲ್ಲಿ ತಿಳಿಯಾಗುವವರೆಗೆ ಕರಗಿಸಿ ಬೆರೆಸಿ. ಕೂಡಲೇ ಹಾಲಿನಂತಾಗುತ್ತದೆ. ವಾಷಿಂಗ್ ಸೋಡಾ ಬದಲು ಅಡುಗೆ ಸೋಡಾ ಹಾಕಿದರೆ ತಣ್ಣೀರಿನಲ್ಲಿ ಹಾಗಾಗುವುದಿಲ್ಲ, ಮೆಗ್ನೀಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಕರಗಿಯೇ ಇರುತ್ತದೆ. ಹುರಿದು ಎತ್ತಿಟ್ಟ ಪುಡಿ ಇಲ್ಲಿ ಉಪಯೋಗಕ್ಕೆ ಬಂತು.

ಆಮ್ಲ ಮತ್ತು ಪ್ರತ್ಯಾಮ್ಲ (ಸುಣ್ಣದಂಥ, ಆಮ್ಲಕ್ಕೆ ವಿರುದ್ಧ ಗುಣದ ವಸ್ತು) ಸೇರಿ ಲವಣ, ನೀರು ಕೊಡುವ ತಟಸ್ಥೀಕರಣವೂ ದ್ವಿಸ್ಥಾನಪಲ್ಲಟದ್ದೇ ಒಂದು ಬಗೆ, ಪ್ರಕ್ಷೇಪ ಕಾಣದಿದ್ದರೂ. ಅರಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ಕುರ್ದಿ ನೀರಿಗೆ ಲಿಂಬೆ ಹಿಂಡುತ್ತ ಬಂದರೆ ಒಂದು ಹನಿಗೆ ಹಳದಿ ಮರಳುತ್ತದೆ. ಅಲ್ಲಿ ಸುಣ್ಣ ಮುಗಿಯಿತು ಎಂದರ್ಥ.

ಸೋಡಾ ಮತ್ತು ಹುಳಿ ಸೇರಿ ಗುಳ್ಳೆ ಬರುವುದು ಯಾವ ವಿಧ ಎಂದು ಬಹಳ ಮಂದಿ ಕೇಳುತ್ತಾರೆ. ಅದು ಎರಡು ಮೆಟ್ಟಿಲು: ಮೊದಲು ಜೋಡಿ ಬದಲಾಗಿ ಕಾರ್ಬಾನಿಕ್ ಆಮ್ಲ ಹುಟ್ಟುತ್ತದೆ (ದ್ವಿಸ್ಥಾನಪಲ್ಲಟ), ಕೂಡಲೇ ಅದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ (ವಿಭಜನೆ).

ಹಂತ 4: ಒಂಟಿ ಧಾತುವನ್ನು ಹುಡುಕಿ

ಉತ್ಕರ್ಷಣ ಎಂದರೆ ಆಕ್ಸಿಜನ್ ಸೇರುವುದು ಅಥವಾ ಇಲೆಕ್ಟ್ರಾನ್ ಕಳೆದುಕೊಳ್ಳುವುದು. ಅಪಕರ್ಷಣ ಎಂದರೆ ಆಕ್ಸಿಜನ್ ಹೋಗುವುದು ಅಥವಾ ಇಲೆಕ್ಟ್ರಾನ್ ಪಡೆಯುವುದು. ಒಬ್ಬ ಕಳೆದುಕೊಂಡದ್ದನ್ನೇ ಇನ್ನೊಬ್ಬ ಪಡೆಯಬೇಕಾದ್ದರಿಂದ ಎರಡೂ ಯಾವಾಗಲೂ ಜೊತೆಗೇ ನಡೆಯುತ್ತವೆ. ಜಂಟಿ ಹೆಸರು ರೆಡಾಕ್ಸ್.

ಇದನ್ನು ಗುರುತಿಸಲು ಪರೀಕ್ಷೆಯ ಹಾಲಿನಲ್ಲಿ ಇಲೆಕ್ಟ್ರಾನ್ ಎಣಿಸುತ್ತ ಕೂರಬೇಕಾಗಿಲ್ಲ. ಸಮೀಕರಣದ ಒಂದು ಬದಿಯಲ್ಲಿ ಒಂಟಿಯಾಗಿರುವ ಧಾತು ಇನ್ನೊಂದು ಬದಿಯಲ್ಲಿ ಸಂಯುಕ್ತದೊಳಗೆ ಇದೆಯೇ? ಇದ್ದರೆ ಅದು ರೆಡಾಕ್ಸ್. ಈ ಒಂದು ಸೂತ್ರದಿಂದ ಬಹಳ ಸಂಗತಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಸ್ಥಾನಪಲ್ಲಟದಲ್ಲಿ ಒಂಟಿ ಧಾತು ಒಳಗೆ ಹೋಗಿ ಇನ್ನೊಂದು ಹೊರಬರುವುದರಿಂದ ಅದು ಯಾವಾಗಲೂ ರೆಡಾಕ್ಸ್. ಪ್ರಕ್ಷೇಪ ಕೊಡುವ ದ್ವಿಸ್ಥಾನಪಲ್ಲಟ, ತಟಸ್ಥೀಕರಣಗಳಲ್ಲಿ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಜೋಡಿ ಬದಲಿಸುತ್ತವೆ ಅಷ್ಟೇ, ರೆಡಾಕ್ಸ್ ಅಲ್ಲ. ಸಂಯೋಗ, ವಿಭಜನೆಗಳಲ್ಲಿ ಎರಡೂ ಉಂಟು: ಮೆಗ್ನೀಸಿಯಂ ಉರಿಯುವುದು ರೆಡಾಕ್ಸ್, ಸುಣ್ಣ ಅರಳುವುದು ಅಲ್ಲ.

ತಿರುಗಿಸಿ ಹೇಳಬೇಡಿ. ಒಂಟಿ ಧಾತು ಕಾಣದಿದ್ದರೆ ರೆಡಾಕ್ಸ್ ಅಲ್ಲ ಎಂದು ಖಡಾಖಂಡಿತ ಹೇಳಲಾಗದು. ಕಾದ ಕಬ್ಬಿಣದ ಆಕ್ಸೈಡಿನ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿ ಕಬ್ಬಿಣದ ಇನ್ನೊಂದು ಆಕ್ಸೈಡ್ ಪಡೆಯುವಲ್ಲಿ ಧಾತು ಒಂಟಿಯಾಗಿ ಎಲ್ಲೂ ಇಲ್ಲ, ಆದರೂ ಆಕ್ಸಿಜನ್ ಕೈ ಬದಲಾಗಿದೆ. ಹತ್ತನೇ ತರಗತಿಯ ಉದಾಹರಣೆಗಳಲ್ಲಿ ಇಂಥವು ಅಪರೂಪ, ಪಿಯುಸಿಯಲ್ಲಿ ಎದುರಾಗುತ್ತವೆ.

ಕಡಲ ಹತ್ತಿರದ ಮನೆಯ ಗೇಟು ತುಕ್ಕು ಹಿಡಿಯುವುದೂ ಇದೇ ಗುಂಪು. ಉಪ್ಪುಗಾಳಿ ಕಬ್ಬಿಣವನ್ನು ನೇರವಾಗಿ ತಿನ್ನುವುದಿಲ್ಲ. ಕಬ್ಬಿಣದ ಮೇಲಿನ ತೇವದಲ್ಲಿ ಉಪ್ಪು ಕರಗಿ ವಿದ್ಯುತ್ ಹರಿಯಲು ಸುಲಭ ದಾರಿ ಮಾಡಿಕೊಡುತ್ತದೆ, ಹಾಗಾಗಿ ಇಲೆಕ್ಟ್ರಾನ್ ವಿನಿಮಯ ಚುರುಕಾಗುತ್ತದೆ. ಉಕ್ಕಿನ ಬೋಟಿನ ಅಡಿಗೆ ಸತುವಿನ ಗಟ್ಟಿ ಕೂರಿಸುವುದು ಯಾಕೆ ಎಂಬುದಕ್ಕೆ ಮೇಲಿನ ಸರಣಿಯಲ್ಲೇ ಉತ್ತರವಿದೆ: ಸತು ಕಬ್ಬಿಣಕ್ಕಿಂತ ಮೇಲೆ, ಮೊದಲು ಅದೇ ಸವೆಯುತ್ತದೆ.

ಹಂತ 5: ಶಾಖ

ಶಾಖ ಹೊರಬಂದರೆ ಬಹಿರುಷ್ಣಕ, ಒಳಗೆ ಹೀರಿದರೆ ಅಂತರುಷ್ಣಕ. ಉರಿಯುವಿಕೆ, ತಟಸ್ಥೀಕರಣ, ನಮ್ಮ ಉಸಿರಾಟ, ಸುಣ್ಣ ಅರಳುವುದು ಬಹಿರುಷ್ಣಕ. ಕಾಯಿಸಿ ಮಾಡುವ ವಿಭಜನೆಗಳು ಅಂತರುಷ್ಣಕ.

"ಬಿಸಿ ಮಾಡಬೇಕಾದದ್ದೆಲ್ಲ ಅಂತರುಷ್ಣಕ" ಎಂಬುದು ತಪ್ಪು. ಗ್ಯಾಸ್ ಒಲೆ ಹೊತ್ತಿಸಲು ಕಿಡಿ ಬೇಕು, ಹೊತ್ತಿದ ಮೇಲೆ ತಾನೇ ಉರಿಯುತ್ತದೆ. ಸುಣ್ಣದ ಗೂಡಿಗೆ ಮಾತ್ರ ಕೊನೆಯವರೆಗೂ ಉರಿ ಕೊಡುತ್ತಲೇ ಇರಬೇಕು. ಶುರುಮಾಡಲು ಮಾತ್ರ ಬೇಕೋ, ಉದ್ದಕ್ಕೂ ಬೇಕೋ ಎಂದು ಕೇಳಿಕೊಳ್ಳಿ. "ವಿಭಜನೆಯೆಲ್ಲ ಅಂತರುಷ್ಣಕ" ಎಂಬುದೂ ಪೂರ್ತಿ ನಿಜವಲ್ಲ. ಬಟಾಟೆ ಹಾಕಿದ ಪೆರಾಕ್ಸೈಡಿನ ಲೋಟ ಮುಟ್ಟಿ ನೋಡಿ, ಬೆಚ್ಚಗಾಗಿರುತ್ತದೆ.

ಹಂತ 6: ಉತ್ತರ ಬರೆಯುವುದು

ಪ್ರಶ್ನೆ ಏನು ಕೇಳಿದೆ ಎಂಬುದನ್ನು ನೋಡಿ ಹೆಸರು ಆರಿಸಿ. "ಕ್ರಿಯೆಯ ವಿಧ ಹೆಸರಿಸಿ" ಎಂದಷ್ಟೇ ಇದ್ದರೆ ಹಂತ 3ರ ಹೆಸರನ್ನು ಮೊದಲು ಬರೆದು, ರೆಡಾಕ್ಸ್ ಆಗಿದ್ದರೆ ಅದನ್ನೂ ಸೇರಿಸಿ. ಉತ್ಕರ್ಷಣಗೊಂಡದ್ದು ಯಾವುದು ಎಂದು ಕೇಳಿದರೆ ವಸ್ತುವಿನ ಹೆಸರು ಬರೆಯಬೇಕು, ಕ್ರಿಯೆಯದ್ದಲ್ಲ. ಪ್ರಕ್ಷೇಪಕ್ಕೆ ಕೆಳಬಾಣ, ಅನಿಲಕ್ಕೆ ಮೇಲ್ಬಾಣ ಹಾಕಲು ಮರೆಯಬೇಡಿ.

ಇವುಗಳನ್ನು ಕೈಯಿಂದ ಮುಚ್ಚಿಕೊಂಡು ನೀವೇ ಪ್ರಯತ್ನಿಸಿ, ಆಮೇಲೆ ತಾಳೆ ನೋಡಿ.

ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಲ್ಲಿ ನಡೆಯುವ, ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ: ಸಂಯೋಗ, ರೆಡಾಕ್ಸ್, ಬಹಿರುಷ್ಣಕ.

ಅಮೋನಿಯಾ + ಹೈಡ್ರೋಜನ್ ಕ್ಲೋರೈಡ್ → ಅಮೋನಿಯಂ ಕ್ಲೋರೈಡ್: ಸಂಯೋಗ, ಬಹಿರುಷ್ಣಕ, ರೆಡಾಕ್ಸ್ ಅಲ್ಲ.

ಸತು + ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ → ಸತುವಿನ ಸಲ್ಫೇಟ್ + ಹೈಡ್ರೋಜನ್: ಸ್ಥಾನಪಲ್ಲಟ, ರೆಡಾಕ್ಸ್, ಬಹಿರುಷ್ಣಕ. ಉತ್ಕರ್ಷಣಗೊಂಡದ್ದು ಸತು.

ಬಿಸಿಲಿನಲ್ಲಿಟ್ಟ 2 ಬೆಳ್ಳಿಯ ಕ್ಲೋರೈಡ್ → 2 ಬೆಳ್ಳಿ + ಕ್ಲೋರಿನ್: ವಿಭಜನೆ, ರೆಡಾಕ್ಸ್. ಇಲ್ಲಿ ಒಳಗೆ ಹೋದದ್ದು ಬೆಳಕಿನ ಶಕ್ತಿ.

ಕೊನೆಯದು ಸ್ವಲ್ಪ ಕಾಡಿಸುವಂಥದ್ದು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು. ಎರಡು ಸಂಯುಕ್ತ, ಎರಡು ಸಂಯುಕ್ತ. ದ್ವಿಸ್ಥಾನಪಲ್ಲಟ ಎಂದು ಬರೆಯಲು ಕೈ ಮುಂದಾಗುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡಿನಲ್ಲಿ ಅದಲುಬದಲು ಮಾಡಲು ಅಯಾನುಗಳ ಜೋಡಿ ಇಲ್ಲ. ಇದು ಆಮ್ಲೀಯ ಆಕ್ಸೈಡ್ ಮತ್ತು ಪ್ರತ್ಯಾಮ್ಲದ ಕ್ರಿಯೆ, ತಟಸ್ಥೀಕರಣದ ಹತ್ತಿರದ ನೆಂಟ. ಪ್ರೊಪೇನ್ ಉರಿಯುವುದೂ ನಾಲ್ಕು ಮನೆಗಳಲ್ಲಿ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಅದನ್ನು ದಹನ ಎಂದು ಬರೆದು ರೆಡಾಕ್ಸ್, ಬಹಿರುಷ್ಣಕ ಎಂದರೆ ಸಾಕು. ಸುಣ್ಣದ ಕ್ರಿಯೆಯನ್ನು ನೋಡಬೇಕಾದರೆ ಒಂದು ಚಮಚ ಸುಣ್ಣವನ್ನು ಅರ್ಧ ಲೀಟರ್ ನೀರಿಗೆ ಕಲಕಿ, ಮುಚ್ಚಿದ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿ. ಸ್ಟ್ರಾ ಹಾಕಿ ಊದಿದರೆ ಹಾಲಿನಂತಾಗುತ್ತದೆ. ಎಳೆಯಬಾರದು, ಊದುವುದು ಮಾತ್ರ. ಬಾಟಲಿ ತೆರೆದಿಟ್ಟರೆ ಊದುವ ಮೊದಲೇ ಮೇಲೆ ಬಿಳಿ ಕೆನೆ ಕಟ್ಟುತ್ತದೆ, ಗಾಳಿಯೇ ಆ ಕೆಲಸ ಮಾಡಿರುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಎರಡು ಮೂರು ದಿನಗಳಲ್ಲಿ ನಡೆಯುವುದೂ ಅದೇ: ಗೂಡಿನಲ್ಲಿ ಚಿಪ್ಪು ಬಿಟ್ಟುಕೊಟ್ಟ ಕಾರ್ಬನ್ ಡೈಆಕ್ಸೈಡನ್ನು ಸುಣ್ಣ ಗಾಳಿಯಿಂದ ಮತ್ತೆ ಹಿಡಿದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ.